ಓಡುವಾಗ ಸರಿ, ನಿಂತರೆ ಆಫ್: ಕಾರಿನ ಎಂಜಿನ್ ಐಡಲಿಂಗ್‌ನಲ್ಲಿ ಯಾಕೆ ತಡವರಿಸುತ್ತದೆ?

ರಸ್ತೆಯಲ್ಲಿ ಕಾರು ಚೆನ್ನಾಗಿಯೇ ಓಡುತ್ತದೆ. ಸಿಗ್ನಲ್‌ನಲ್ಲಿ ನಿಲ್ಲಿಸಿದ ಕೂಡಲೇ ಸ್ಟೀರಿಂಗ್ ನಡುಗಲು ಶುರು. ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಆಡುತ್ತದೆ. ಒಮ್ಮೊಮ್ಮೆ ಎಂಜಿನ್ ಪೂರ್ತಿ ಆಫ್. ಮತ್ತೆ ಕೀ ತಿರುಗಿಸಿದರೆ ಏನೂ ಆಗೇ ಇಲ್ಲವೆನ್ನುವಂತೆ ಸ್ಟಾರ್ಟ್ ಆಗುತ್ತದೆ.

ಪೆಟ್ರೋಲ್ ಕಾರುಗಳಲ್ಲಿ ಇದು ಸಾಮಾನ್ಯ ದೂರು. ಸುಮ್ನೆ ದುಡ್ಡು ಪೋಲಾಗುವ ದೂರೂ ಹೌದು. ಮೊದಲು ಕಿಡಿ ಹಾರಿಸುವ ಪ್ಲಗ್ ಬದಲಾಯಿಸುತ್ತಾರೆ, ಆಮೇಲೆ ಅದಕ್ಕೆ ಹೆಚ್ಚು ವೋಲ್ಟೇಜ್ ಕೊಡುವ ಕಾಯಿಲ್, ಆಮೇಲೆ ಯಾವುದೋ ಸೆನ್ಸರ್, ಅದೂ ಆಗದಿದ್ದರೆ ಪೆಟ್ರೋಲ್ ಪಂಪ್. ಇಷ್ಟೆಲ್ಲ ಆದ ಮೇಲೆ ನೋಡಿದರೆ ಎಲ್ಲೋ ಒಂದು ರಬ್ಬರ್ ಹೋಸ್ ಸೀಳಿರುತ್ತದೆ. ‘ಯಾವ ಪಾರ್ಟ್ ಹೋಗಿದೆ’ ಎಂಬ ಪ್ರಶ್ನೆಯಿಂದ ಹೊರಟರೆ ಹೀಗಾಗುತ್ತದೆ. ‘ಯಾವಾಗ ಆಫ್ ಆಗುತ್ತದೆ’ ಎಂಬಲ್ಲಿಂದ ಹೊರಟರೆ ಹುಡುಕಬೇಕಾದ ಜಾಗ ತುಂಬಾ ಕಿರಿದಾಗುತ್ತದೆ.

ಹೊಸ ಕಾರಿನವರಿಗೆ ಒಂದು ಮಾತು. ಈಗಿನ ಅನೇಕ ಕಾರುಗಳಲ್ಲಿ ಪೆಟ್ರೋಲ್ ಉಳಿಸಲು ನಿಂತಾಗ ಎಂಜಿನ್ ತಾನೇ ಆಫ್ ಆಗಿ, ಕ್ಲಚ್ ಒತ್ತಿದಾಗ ಇಲ್ಲವೇ ಬ್ರೇಕ್ ಬಿಟ್ಟಾಗ ತಾನೇ ಶುರುವಾಗುವ ವ್ಯವಸ್ಥೆ ಇರುತ್ತದೆ. ಅದು ದೋಷ ಅಲ್ಲ. ಆ ಸೌಲಭ್ಯದ ಬಟನ್ ಒತ್ತಿ ಬಂದ್ ಮಾಡಿದ ಮೇಲೂ ಎಂಜಿನ್ ನಿಂತರೆ ಮಾತ್ರ ಮುಂದೆ ಓದಿ.

ಐಡಲಿಂಗ್ ಅಂದರೆ ಏನು?

ಆಕ್ಸಿಲರೇಟರ್ ಮೇಲಿಂದ ಕಾಲು ಪೂರ್ತಿ ತೆಗೆದಾಗಲೂ ಎಂಜಿನ್ ತನ್ನಷ್ಟಕ್ಕೆ ತಿರುಗುತ್ತಿರುತ್ತದಲ್ಲ, ಅದೇ ಐಡಲಿಂಗ್. ಬಿಸಿಯಾದ ಪೆಟ್ರೋಲ್ ಎಂಜಿನ್ ಆಗ ಸಾಮಾನ್ಯವಾಗಿ ನಿಮಿಷಕ್ಕೆ 600ರಿಂದ 900 ಸುತ್ತು ತಿರುಗುತ್ತದೆ. ಈ ಸುತ್ತಿನ ಲೆಕ್ಕವೇ ಆರ್‌ಪಿಎಂ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ 1,200ರ ಆಸುಪಾಸಿಗೆ ಏರಿ, ಬಿಸಿಯಾದ ಹಾಗೆ ಇಳಿಯುತ್ತದೆ. ಅದು ಹಾಗೇ ಆಗಬೇಕು.

ಎಂಜಿನ್ ಓಡಲು ಗಾಳಿ, ಪೆಟ್ರೋಲ್, ಕಿಡಿ ಮೂರೂ ಬೇಕು. ಜೊತೆಗೆ ಸಿಲಿಂಡರ್ ಒಳಗಿನ ಮಿಶ್ರಣ ಸೋರದಂತೆ ಬಿಗಿಯಾಗಿ ಒತ್ತಲ್ಪಡಬೇಕು. ಇದಕ್ಕೆ ಕಂಪ್ರೆಷನ್ ಎನ್ನುತ್ತಾರೆ. 1 ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಇದಕ್ಕಿಂತ ಜಾಸ್ತಿಯಾದರೆ ಮಿಶ್ರಣ ‘ಲೀನ್’. ಪೆಟ್ರೋಲ್ ಜಾಸ್ತಿಯಾದರೆ ‘ರಿಚ್’. ಈ ಎರಡು ಪದ ನೆನಪಿದ್ದರೆ ಮೆಕ್ಯಾನಿಕ್ ಹೇಳುವ ಅರ್ಧ ಮಾತು ಅರ್ಥವಾಗುತ್ತದೆ.

ಗಾಳಿಯನ್ನು ಎಷ್ಟು ಒಳಗೆ ಬಿಡಬೇಕೆಂದು ನಿಯಂತ್ರಿಸುವುದು ಥ್ರಾಟಲ್ ಎಂಬ ಒಂದು ದುಂಡಗಿನ ತಟ್ಟೆ. ಐಡಲಿಂಗ್‌ನಲ್ಲಿ ಅದು ಹೆಚ್ಚು ಕಡಿಮೆ ಮುಚ್ಚಿಯೇ ಇರುತ್ತದೆ. ಆದರೆ ಪಿಸ್ಟನ್‌ಗಳು ಗಾಳಿ ಎಳೆಯುವುದನ್ನು ನಿಲ್ಲಿಸುವುದಿಲ್ಲ. ಹಾಗಾಗಿ ಥ್ರಾಟಲ್ ದಾಟಿದ ಮೇಲಿನ ಕೊಳವೆಗಳಲ್ಲಿ, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ, ಒತ್ತಡ ಕುಸಿಯುತ್ತದೆ. ಸಮುದ್ರ ಮಟ್ಟದಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್ ಇದ್ದರೆ, ಐಡಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ಒಳಗೆ 30ರಿಂದ 40 ಇರುತ್ತದೆ. ಈ ಎಳೆತಕ್ಕೇ ವ್ಯಾಕ್ಯೂಮ್ ಎನ್ನುವುದು.

ಓಡುವಾಗ ಇಲ್ಲದ ತೊಂದರೆ ನಿಂತಾಗ ಯಾಕೆ? ಸೈಕಲ್ಲನ್ನು ಜೋರಾಗಿ ತುಳಿಯುವಾಗ ಸಣ್ಣ ಕಲ್ಲು ಚಕ್ರಕ್ಕೆ ಸಿಕ್ಕರೂ ಗೊತ್ತಾಗುವುದಿಲ್ಲ; ತೀರಾ ನಿಧಾನಕ್ಕೆ ತುಳಿಯುವಾಗ ಅದೇ ಕಲ್ಲು ಬೀಳಿಸುತ್ತದೆ. ಐಡಲಿಂಗ್‌ನಲ್ಲಿ ಎಂಜಿನ್ ಕೈಯಲ್ಲಿ ಹೆಚ್ಚುವರಿ ಶಕ್ತಿ ಇರುವುದಿಲ್ಲ. ತನ್ನನ್ನು ತಾನು ತಿರುಗಿಸಿಕೊಂಡು, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್‌ನೇಟರ್ ಮತ್ತು ಎಸಿ ಕಂಪ್ರೆಸರ್ ಎಳೆಯುವಷ್ಟು ಮಾತ್ರ ಇರುತ್ತದೆ. 750 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್ ಎಂಜಿನ್ ಒಳಗೆ ಸೆಕೆಂಡಿಗೆ 25 ಸಲ ಮಿಶ್ರಣ ಹೊತ್ತಿಕೊಳ್ಳುತ್ತದೆ. ಅದರಲ್ಲಿ ಒಂದು ಸಿಲಿಂಡರ್ ಕೈಕೊಟ್ಟರೆ ಸೆಕೆಂಡಿಗೆ ಆರು ಸಲ ಒಂದು ಪೆಟ್ಟು ತಪ್ಪುತ್ತದೆ. ಸೀಟಿನಲ್ಲಿ ಕೂತವರಿಗೆ ಆ ಲಯ ತಪ್ಪಿದ್ದು ಚೆನ್ನಾಗಿಯೇ ಗೊತ್ತಾಗುತ್ತದೆ.

ಮೊದಲು ಗಮನಿಸಬೇಕಾದ್ದು: ಯಾವಾಗ?

ಬಾನೆಟ್ ಎತ್ತುವ ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರ ಗೊತ್ತಿರಬೇಕು. ತಣ್ಣಗಿದ್ದಾಗ ಆಫ್ ಆಗುತ್ತದಾ, ಬಿಸಿಯಾದ ಮೇಲಾ? ಎಸಿ ಹಾಕಿದಾಗ ಮಾತ್ರವಾ? ಪೆಟ್ರೋಲ್ ತುಂಬಿಸಿದ ಕೂಡಲೇ ಆಗುತ್ತದಾ? ಬ್ರೇಕ್ ಒತ್ತಿದಾಗ ಐಡಲಿಂಗ್ ಬದಲಾಗುತ್ತದಾ? ಮುಗ್ಗರಿಸಿ ಮುಗ್ಗರಿಸಿ ನಿಲ್ಲುತ್ತದಾ, ಸ್ವಿಚ್ ಆಫ್ ಮಾಡಿದ ಹಾಗೆ ಥಟ್ಟನೆ ನಿಲ್ಲುತ್ತದಾ?

ಈ ಕೊನೆಯ ಪ್ರಶ್ನೆಗೆ ಬೆಲೆ ಜಾಸ್ತಿ. ಥಟ್ಟನೆ ನಿಂತರೆ ಕರೆಂಟ್ ಅಥವಾ ಸೆನ್ಸರ್ ಸಂಕೇತ ಕಡಿದಿರುವ ಸಾಧ್ಯತೆ ಹೆಚ್ಚು. ಜರ್ಕ್ ಹೊಡೆದು, ಶಕ್ತಿ ಕುಂದುತ್ತಾ ನಿಂತರೆ ಪೆಟ್ರೋಲ್ ಅಥವಾ ಗಾಳಿಯ ಕಡೆ ನೋಡಬೇಕು. ತಣ್ಣಗಿದ್ದಾಗ ಮಾತ್ರ ತೊಂದರೆಯಾದರೆ ಎಂಜಿನ್ ಎಷ್ಟು ಬಿಸಿಯಿದೆ ಎಂದು ಹೇಳುವ ಕೂಲೆಂಟ್ ಸೆನ್ಸರ್ ಮೇಲೂ ಒಂದು ಕಣ್ಣಿರಲಿ. ತಣ್ಣಗಿರುವ ಎಂಜಿನ್ನನ್ನು ಬಿಸಿಯಿದೆ ಎಂದು ಅದು ವರದಿ ಮಾಡಿದರೆ ಕಂಪ್ಯೂಟರ್ ಕಡಿಮೆ ಪೆಟ್ರೋಲ್ ಬಿಡುತ್ತದೆ, ಎಂಜಿನ್ ನಿಲ್ಲುತ್ತದೆ.

ಕದ್ದು ಒಳಬರುವ ಗಾಳಿ

ಐಡಲಿಂಗ್ ಕೆಡಲು ಪದೇ ಪದೇ ಸಿಗುವ ಕಾರಣ ವ್ಯಾಕ್ಯೂಮ್ ಲೀಕ್. ಎಷ್ಟು ಗಾಳಿ ಒಳಗೆ ಬಂತು ಎಂದು ಎಣಿಸಲು ಅನೇಕ ಕಾರುಗಳಲ್ಲಿ ಏರ್ ಫಿಲ್ಟರ್ ಪಕ್ಕದಲ್ಲೇ ಮ್ಯಾಫ್ ಸೆನ್ಸರ್ ಇರುತ್ತದೆ. ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಆ ಲೆಕ್ಕ ನೋಡಿಕೊಂಡೇ ಪೆಟ್ರೋಲ್ ಸಿಂಪಡಿಸುತ್ತದೆ. ಸೆನ್ಸರ್ ದಾಟಿದ ಮೇಲೆ ಎಲ್ಲೋ ಒಂದು ಹೋಸ್ ಒಡೆದಿದ್ದರೆ ಅಲ್ಲಿಂದ ನುಗ್ಗುವ ಗಾಳಿ ಲೆಕ್ಕಕ್ಕೇ ಸಿಗುವುದಿಲ್ಲ. ಗಾಳಿ ಜಾಸ್ತಿ, ಪೆಟ್ರೋಲ್ ಮಾತ್ರ ಹಳೆಯ ಲೆಕ್ಕದ್ದು. ಮಿಶ್ರಣ ಲೀನ್ ಆಗಿ ಎಂಜಿನ್ ತಡವರಿಸುತ್ತದೆ. ಗಾಳಿಯನ್ನು ಎಣಿಸದೆ ಮ್ಯಾನಿಫೋಲ್ಡ್ ಒತ್ತಡವನ್ನು ಮಾತ್ರ ಅಳೆಯುವ ಕಾರುಗಳಲ್ಲಿ ಇದೇ ಲೀಕ್ ಬೇರೆ ಥರ ಕಾಣುತ್ತದೆ. ಅಲ್ಲಿ ಎಂಜಿನ್ ನಿಲ್ಲುವುದಕ್ಕಿಂತ ಐಡಲಿಂಗ್ ಸುಮ್ಮಸುಮ್ಮನೆ ಏರಿ ಕೂರುವುದೇ ಹೆಚ್ಚು.

ಎಲ್ಲಿ ನೋಡಬೇಕು? ಏರ್ ಫಿಲ್ಟರ್‌ನಿಂದ ಥ್ರಾಟಲ್‌ವರೆಗಿನ ದಪ್ಪ ರಬ್ಬರ್ ಪೈಪ್‌ನಲ್ಲಿ ಅಕಾರ್ಡಿಯನ್‌ನಂಥ ಮಡಿಕೆಗಳಿರುತ್ತವೆ. ಮೇಲಿಂದ ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಕೈಯಿಂದ ಬಗ್ಗಿಸಿದಾಗ ಮಡಿಕೆಯ ಸಂದಿಯಲ್ಲಿ, ಅದರಲ್ಲೂ ಕೆಳಗಿನ ಬದಿಯಲ್ಲಿ, ಸೀಳು ಬಾಯಿ ಬಿಡುತ್ತದೆ. ಎಂಜಿನ್ ಗೇರ್‌ನಲ್ಲಿ ವಾಲಿದಾಗ ಮಾತ್ರ ತೆರೆದುಕೊಳ್ಳುವ ಸೀಳೂ ಇರುತ್ತದೆ. ನ್ಯೂಟ್ರಲ್‌ನಲ್ಲಿ ಎಷ್ಟು ಪರೀಕ್ಷಿಸಿದರೂ ಅದು ಸಿಗುವುದಿಲ್ಲ. ಇದಲ್ಲದೆ ಪಿಸಿವಿ ಹೋಸ್ ನೋಡಬೇಕು. ಎಂಜಿನ್ನಿನ ಹೊಟ್ಟೆಯಲ್ಲಿ ಸೇರುವ ಆವಿಯನ್ನು ವಾಪಸ್ ಎಳೆದುಕೊಳ್ಳುವ ಪೈಪ್ ಅದು. ಆಯಿಲ್ ಮತ್ತು ಬಿಸಿ ಎರಡೂ ತಗಲುವುದರಿಂದ ಬೇಗ ಮೆತ್ತಗಾಗಿ ಕುಸಿಯುತ್ತದೆ, ಇಲ್ಲವೇ ಗಟ್ಟಿಯಾಗಿ ಬಿರಿಯುತ್ತದೆ. ಮ್ಯಾನಿಫೋಲ್ಡ್ ಕೂಡುವ ಜಾಗದಲ್ಲಿ ಗಾಳಿ ಸೋರದಂತೆ ಹಾಕಿರುವ ಗ್ಯಾಸ್ಕೆಟ್ ಸಹ ಪಟ್ಟಿಯಲ್ಲಿರಲಿ.

ಬ್ರೇಕ್ ಪೆಡಲನ್ನು ಹಗುರ ಮಾಡುವ ಬ್ರೇಕ್ ಬೂಸ್ಟರ್‌ಗೂ ಇದೇ ವ್ಯಾಕ್ಯೂಮ್ ಹೋಗುತ್ತದೆ. ಕಾರು ನಿಂತಿರುವಾಗ ಬ್ರೇಕ್ ಒತ್ತಿ ಹಿಡಿದರೆ ಐಡಲಿಂಗ್ ಸ್ಪಷ್ಟವಾಗಿ ಕೆಟ್ಟು, ಬುಸ್ ಎಂಬ ಸದ್ದು ಬರುತ್ತಲೇ ಇದ್ದರೆ ಬೂಸ್ಟರ್ ಅಥವಾ ಅದರ ಹೋಸ್ ಸೋರುತ್ತಿದೆ ಎಂದೇ ಅನುಮಾನಿಸಬೇಕು. ಇದನ್ನು ಮುಂದಕ್ಕೆ ಹಾಕಬಾರದು, ಬ್ರೇಕಿನ ವಿಷಯ.

ಲೀಕ್ ಹುಡುಕಲು ಓಡುವ ಎಂಜಿನ್ ಮೇಲೆ ಕ್ಲೀನರ್ ಸ್ಪ್ರೇ ಹೊಡೆದು ನೋಡುವ ರೂಢಿ ಇದೆ. ಲೀಕ್ ಇರುವ ಕಡೆ ಸ್ಪ್ರೇ ಒಳಗೆ ಹೋಗಿ ಆರ್‌ಪಿಎಂ ಬದಲಾಗುತ್ತದೆ. ಆದರೆ ಆ ಸ್ಪ್ರೇ ಬೆಂಕಿ ಹತ್ತುವಂಥದ್ದು, ಪಕ್ಕದಲ್ಲೇ ಕಾದ ಎಕ್ಸಾಸ್ಟ್ ಇರುತ್ತದೆ. ಗ್ಯಾರೇಜಿನಲ್ಲಿ ಎಂಜಿನ್ ಆಫ್ ಮಾಡಿ ಮ್ಯಾನಿಫೋಲ್ಡ್ ಒಳಗೆ ಹೊಗೆ ತುಂಬಿ, ಎಲ್ಲಿಂದ ಹೊರಬರುತ್ತದೆ ಎಂದು ನೋಡುವ ಸ್ಮೋಕ್ ಟೆಸ್ಟ್ ಇದಕ್ಕಿಂತ ಎಷ್ಟೋ ಮೇಲು.

ಮಸಿ ಹಿಡಿದ ಥ್ರಾಟಲ್

ಐಡಲಿಂಗ್‌ನಲ್ಲಿ ಥ್ರಾಟಲ್ ತಟ್ಟೆ ಮತ್ತು ಅದರ ಗೋಡೆಯ ನಡುವೆ ಇರುವುದು ಕೂದಲೆಳೆಯಷ್ಟು ಸಂದು. ಪಿಸಿವಿ ಮೂಲಕ ಬರುವ ಆಯಿಲ್ ಆವಿ ಅಲ್ಲಿ ಕೂತು, ತಟ್ಟೆಯ ಅಂಚಿಗೆ ಕಪ್ಪು ಉಂಗುರ ಕಟ್ಟುತ್ತದೆ. ಸಂದು ಮುಚ್ಚಿದಷ್ಟೂ ಗಾಳಿ ಕಡಿಮೆ. ಓಡುವಾಗ ತಟ್ಟೆ ಅಗಲವಾಗಿ ತೆರೆದಿರುವುದರಿಂದ ಈ ಮಸಿ ಲೆಕ್ಕಕ್ಕೇ ಬರುವುದಿಲ್ಲ. ಕಾಲು ತೆಗೆದಾಗಲೇ ಗೊತ್ತಾಗುವುದು. ವೇಗ ಇಳಿಸಿ ನಿಲ್ಲುವ ಹೊತ್ತಿಗೆ ಮುಳ್ಳು 500ಕ್ಕಿಂತ ಕೆಳಗೆ ಜಾರಿ ಎಂಜಿನ್ ಆಫ್ ಆಗುತ್ತದಾ? ಎಸಿ ಕಂಪ್ರೆಸರ್ ಹಿಡಿದ ಕ್ಷಣ ಉಸಿರು ಕಟ್ಟಿದಂತಾಗುತ್ತದಾ? ಹಾಗಾದರೆ ಮೊದಲು ಇಲ್ಲೇ ನೋಡಿ.

ಹಳೆಯ ಕಾರುಗಳಲ್ಲಿ ಥ್ರಾಟಲ್ ಪಕ್ಕದಲ್ಲಿ ಐಡಲ್ ಗಾಳಿಗೆಂದೇ ಬೇರೆ ದಾರಿ, ಅದಕ್ಕೊಂದು ವಾಲ್ವ್ ಇರುತ್ತದೆ. ಐಎಸಿ ವಾಲ್ವ್ ಎನ್ನುವುದು ಅದಕ್ಕೇ. ಅದು ಮಸಿಯಲ್ಲಿ ಸಿಕ್ಕಿಕೊಂಡರೂ ಲಕ್ಷಣ ಇದೇ. ಹೊಸ ಕಾರುಗಳಲ್ಲಿ ಆ ಕೆಲಸವನ್ನೂ ಮೋಟಾರ್ ಇರುವ ಥ್ರಾಟಲ್ ಮಾಡುತ್ತದೆ.

ಮಿಸ್ಸಿಂಗ್

ಒಂದು ಸಿಲಿಂಡರ್‌ನಲ್ಲಿ ಮಿಶ್ರಣ ಹೊತ್ತಿಕೊಳ್ಳದೆ ಹೋಗುವುದೇ ಮಿಸ್‌ಫೈರ್. ಗ್ಯಾರೇಜಿನ ಬಾಯಲ್ಲಿ ಇದು ‘ಮಿಸ್ಸಿಂಗ್’. ಸೈಲೆನ್ಸರ್ ಬಾಯಿಯ ಹತ್ತಿರ ನಿಂತು ಕೇಳಿದರೆ ಒಂದೇ ಸಮನೆ ಬರಬೇಕಾದ ಸದ್ದಿನ ಮಧ್ಯೆ ಪುಸ್, ಪುಸ್ ಎಂದು ಬಿಟ್ಟು ಬಿಟ್ಟು ಬರುತ್ತಿರುತ್ತದೆ.

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಸಿಲಿಂಡರ್ ಒಳಗಿನ ಸ್ಥಿತಿ ತಿಳಿಯುತ್ತದೆ. ತುದಿ ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಸರಿಯಾಗಿ ಉರಿಯುತ್ತಿದೆ. ಒಣ ಮಸಿ ಇದ್ದರೆ ರಿಚ್. ಒದ್ದೆ ಒದ್ದೆಯಾಗಿ ಆಯಿಲ್ ಇದ್ದರೆ, ಆಯಿಲ್ ಸಿಲಿಂಡರ್ ಒಳಗೆ ಬರದಂತೆ ತಡೆಯುವ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಕಡೆಯ ತೊಂದರೆ. ತುದಿಯಲ್ಲಿ ಕಿಡಿ ಹಾರುವ ಸಂದು ಸಾಮಾನ್ಯವಾಗಿ 0.7ರಿಂದ 1.1 ಮಿಲಿಮೀಟರ್. ತುದಿ ಸವೆದು ಸಂದು ದೊಡ್ಡದಾದಷ್ಟೂ ಕಾಯಿಲ್ ಹೆಚ್ಚು ವೋಲ್ಟೇಜ್ ಕೊಡಬೇಕಾಗುತ್ತದೆ.

ಪ್ಲಗ್ ಒಂದಕ್ಕೆ ಕಾಯಿಲ್ ಒಂದು ಇರುವ ಕಾರಿನಲ್ಲಿ ಪತ್ತೆ ಸುಲಭ. ದೋಷದ ಕೋಡ್ ಓದುವ ಸ್ಕ್ಯಾನರ್ ಎರಡನೇ ಸಿಲಿಂಡರ್ ಮಿಸ್ ಎಂದರೆ, ಅದರ ಕಾಯಿಲನ್ನು ಮೂರನೆಯದಕ್ಕೆ ಹಾಕಿ, ಮೂರನೆಯದನ್ನು ಇಲ್ಲಿಗೆ ತನ್ನಿ. ಮಿಸ್ಸಿಂಗ್ ಮೂರಕ್ಕೆ ಹೋದರೆ ಕಾಯಿಲೇ ಹಾಳು. ಎರಡರಲ್ಲೇ ಉಳಿದರೆ ಪ್ಲಗ್ ಅದಲು ಬದಲು ಮಾಡಿ. ಅದಕ್ಕೂ ಜಗ್ಗದಿದ್ದರೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಆಮೇಲೆ ಕಂಪ್ರೆಷನ್. ಒಂದು ರೂಪಾಯಿಯ ಹೊಸ ಪಾರ್ಟ್ ಇಲ್ಲದೆ ಆಗುವ ಪರೀಕ್ಷೆ ಇದು. ಎಂಜಿನ್ ಆಫ್ ಮಾಡಿಯೇ ಮಾಡಬೇಕು, ಯಾಕೆಂದರೆ ಕಾಯಿಲ್‌ನಲ್ಲಿ 20,000 ವೋಲ್ಟಿಗೂ ಮೇಲೆ ಹರಿಯುತ್ತದೆ.

ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುವುದಕ್ಕೂ ಮಿಣುಕುವುದಕ್ಕೂ ವ್ಯತ್ಯಾಸವಿದೆ. ಮಿಣುಕುತ್ತಿದ್ದರೆ ಮಿಸ್ಸಿಂಗ್ ಜೋರಾಗಿದೆ, ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತಿದೆ ಎಂದರ್ಥ. ಆಗ ಓಡಿಸುವುದು ನಿಲ್ಲಿಸುವುದೇ ಲಾಭ.

ಸ್ಕ್ಯಾನರ್ ಹೇಳುವುದು, ಹೇಳದಿರುವುದು

ಈಗಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಸ್ಕ್ಯಾನರ್ ಚುಚ್ಚಿದರೆ ಪಿ0300 (ಹಲವು ಸಿಲಿಂಡರ್‌ಗಳಲ್ಲಿ ಮಿಸ್ಸಿಂಗ್), ಪಿ0171 (ಮಿಶ್ರಣ ಲೀನ್), ಪಿ0506 (ಐಡಲಿಂಗ್ ಇರಬೇಕಾದ್ದಕ್ಕಿಂತ ಕಡಿಮೆ) ಇಂಥ ಕೋಡ್ ಬರುತ್ತವೆ. ಕೋಡ್ ಹೇಳುವುದು ಲಕ್ಷಣವನ್ನು, ಹಾಳಾದ ಪಾರ್ಟಿನ ಹೆಸರನ್ನಲ್ಲ. ಪಿ0171 ಕಂಡ ತಕ್ಷಣ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಾಯಿಸುವವರಿದ್ದಾರೆ. ಬಹಳ ಸಲ ನಿಜ ಹೇಳಿದ್ದೇ ಆ ಸೆನ್ಸರ್!

ಕೋಡಿಗಿಂತ ಉಪಯುಕ್ತವಾದದ್ದು ಫ್ಯೂಯೆಲ್ ಟ್ರಿಮ್ ಎಂಬ ಲೈವ್ ಅಂಕಿ. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಇಸಿಯು ಪೆಟ್ರೋಲನ್ನು ಎಷ್ಟು ಶೇಕಡ ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ ಅದು. ಕ್ಷಣ ಕ್ಷಣಕ್ಕೆ ಬದಲಾಗುವುದು ಶಾರ್ಟ್ ಟರ್ಮ್, ನಿಧಾನಕ್ಕೆ ಕಲಿತು ಇಟ್ಟುಕೊಂಡದ್ದು ಲಾಂಗ್ ಟರ್ಮ್. ಎರಡನ್ನೂ ಕೂಡಿಸಬೇಕು. ಮೊತ್ತ 10ರ ಒಳಗಿದ್ದರೆ, ಪ್ಲಸ್ ಆಗಲಿ ಮೈನಸ್ ಆಗಲಿ, ಸಾಮಾನ್ಯವಾಗಿ ಚಿಂತೆಯಿಲ್ಲ.

ಈಗ ಒಂದು ಉದಾಹರಣೆ. ಎಂಜಿನ್ ಬಿಸಿಯಾಗಿದೆ. ಐಡಲಿಂಗ್‌ನಲ್ಲಿ ಶಾರ್ಟ್ +8, ಲಾಂಗ್ +14, ಒಟ್ಟು +22. ಇಸಿಯು ಶೇಕಡ 22ರಷ್ಟು ಹೆಚ್ಚು ಪೆಟ್ರೋಲ್ ಸುರಿಯುತ್ತಿದೆ. ನ್ಯೂಟ್ರಲ್‌ನಲ್ಲೇ ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಹಿಡಿದರೆ ಮೊತ್ತ +4ಕ್ಕೆ ಇಳಿಯಿತು ಎಂದುಕೊಳ್ಳಿ. ಇದು ವ್ಯಾಕ್ಯೂಮ್ ಲೀಕಿನ ಗುರುತು. ಸೀಳಿನ ಅಳತೆ ಅಷ್ಟೇ ಇದೆ, ಆದರೆ ಥ್ರಾಟಲ್ ಮೂಲಕ ಬರುವ ಲೆಕ್ಕದ ಗಾಳಿ ಮೂರ್ನಾಲ್ಕು ಪಟ್ಟು ಹೆಚ್ಚಾಯಿತು. ಕದ್ದು ಬಂದ ಗಾಳಿಯ ಪಾಲು ಕಿರಿದಾಯಿತು, ಅಲ್ವಾ? ಉಲ್ಟಾ ಆಗಿ, ಐಡಲಿಂಗ್‌ನಲ್ಲಿ +4 ಇದ್ದದ್ದು ಏರು ಹತ್ತುವಾಗ +20 ಆದರೆ ಲೀಕ್ ಹುಡುಕುತ್ತಾ ಕೂರಬೇಡಿ. ಪಂಪ್ ಸಾಕಷ್ಟು ಪೆಟ್ರೋಲ್ ಕೊಡುತ್ತಿಲ್ಲ, ಇಲ್ಲವೇ ಧೂಳು ಹಿಡಿದ ಮ್ಯಾಫ್ ಸೆನ್ಸರ್ ಗಾಳಿಯನ್ನು ಕಡಿಮೆ ಎಣಿಸುತ್ತಿದೆ. ಅಂಕಿ ದೊಡ್ಡ ಮೈನಸ್ ಇದ್ದರೆ ಬೇಡದ ಪೆಟ್ರೋಲ್ ಎಲ್ಲಿಂದಲೋ ಸೇರುತ್ತಿದೆ: ಸೋರುವ ಇಂಜೆಕ್ಟರ್ ಇರಬಹುದು, ಮುಂದೆ ಹೇಳುವ ಪರ್ಜ್ ವಾಲ್ವ್ ಇರಬಹುದು.

ತೆರೆದೇ ಉಳಿದ ವಾಲ್ವ್‌ಗಳು

ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಹಿಡಿದಿಟ್ಟು, ಎಂಜಿನ್ ಓಡುವಾಗ ಬೇಕಾದಷ್ಟೇ ಒಳಗೆ ಬಿಡುವುದು ಪರ್ಜ್ ವಾಲ್ವ್. ಅದು ತೆರೆದೇ ಉಳಿದರೆ ಐಡಲಿಂಗ್ ಕೆಡುತ್ತದೆ. ಪೆಟ್ರೋಲ್ ತುಂಬಿಸಿದ ಮೇಲೆ ಸ್ಟಾರ್ಟ್ ಆಗಲು ಸತಾಯಿಸಿ, ಒಂದೆರಡು ನಿಮಿಷ ಒದ್ದಾಡಿ ಸರಿಹೋಗುವ ಕಾರುಗಳಲ್ಲಿ ಅನುಮಾನ ನೇರ ಇದರ ಮೇಲೆ. ಟ್ಯಾಂಕ್ ಕಡೆಯಿಂದ ವಾಲ್ವಿಗೆ ಬರುವ ಹೋಸ್ ಕಿತ್ತು, ಐಡಲಿಂಗ್‌ನಲ್ಲಿ ವಾಲ್ವಿನ ಆ ಬಾಯಿಗೆ ಬೆರಳಿಟ್ಟರೆ ಸಾಮಾನ್ಯವಾಗಿ ಬಿಸಿಯಾಗದ ಎಂಜಿನ್ನಿನಲ್ಲಿ ಎಳೆತ ಇರಬಾರದು.

ಉರಿದ ಹೊಗೆಯ ಸ್ವಲ್ಪ ಭಾಗವನ್ನು ವಾಪಸ್ ಸಿಲಿಂಡರ್‌ಗೆ ಬಿಡುವುದು ಇಜಿಆರ್ ವಾಲ್ವ್. ಐಡಲಿಂಗ್‌ನಲ್ಲಿ ಇದು ಮುಚ್ಚಿರಬೇಕು. ಮಸಿ ಸಿಕ್ಕಿ ತೆರೆದೇ ಇದ್ದರೆ ಉರಿಯಲಾರದ ಹೊಗೆಯೇ ಒಳಗೆ ತುಂಬಿ ಎಂಜಿನ್ ಆಫ್ ಆಗುತ್ತದೆ.

ಪೆಟ್ರೋಲ್ ಬರುತ್ತಿದೆಯಾ?

ಕೀ ಆನ್ ಮಾಡಿದ ಕೂಡಲೇ ಅನೇಕ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗಿಂದ ಒಂದೆರಡು ಸೆಕೆಂಡ್ ಸಣ್ಣ ಗುಂಯ್ ಸದ್ದು ಕೇಳುತ್ತದೆ. ಅದು ಪಂಪ್. ಸದ್ದು ಬಂದ ಮಾತ್ರಕ್ಕೆ ಒತ್ತಡ ಸರಿಯಿದೆ ಎಂದಲ್ಲ. ಮ್ಯಾನಿಫೋಲ್ಡಿಗೆ ಪೆಟ್ರೋಲ್ ಸಿಂಪಡಿಸುವ ಎಂಜಿನ್‌ಗಳಲ್ಲಿ ಸುಮಾರು 3ರಿಂದ 4 ಬಾರ್ ಒತ್ತಡ ಬೇಕು, ಅದನ್ನು ಗೇಜ್ ಹಾಕಿಯೇ ನೋಡಬೇಕು. ನೇರ ಸಿಲಿಂಡರ್‌ಗೆ ಸಿಂಪಡಿಸುವ ಎಂಜಿನ್‌ಗಳಲ್ಲಿ ಒತ್ತಡ ಇದರ ಹತ್ತಾರು ಪಟ್ಟು. ಆ ಪೈಪುಗಳಿಗೆ ಮನೆಯಲ್ಲಿ ಕೈ ಹಾಕಲೇಬಾರದು.

ಬಿಸಿಯಾದರೆ ಆಫ್, ತಣ್ಣಗಾದರೆ ಸ್ಟಾರ್ಟ್

ಅರ್ಧ ಗಂಟೆ ಓಡಿ ಥಟ್ಟನೆ ನಿಂತು, ಸ್ವಲ್ಪ ಹೊತ್ತು ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಗುವ ಕಾರಿನಲ್ಲಿ ಕ್ರ್ಯಾಂಕ್ ಸೆನ್ಸರ್ ನೋಡಬೇಕು. ಪಿಸ್ಟನ್ ಎಲ್ಲಿದೆ ಎಂದು ಇಸಿಯುಗೆ ತಿಳಿಸುವುದು ಅದೇ. ಒಳಗಿನ ತಂತಿಯ ಸುರುಳಿ ಬಿಸಿಗೆ ಹಿಗ್ಗಿ ಸಂಪರ್ಕ ತಪ್ಪಿದರೆ ಇಸಿಯು ಕಿಡಿ, ಪೆಟ್ರೋಲ್ ಎರಡನ್ನೂ ನಿಲ್ಲಿಸುತ್ತದೆ. ಒಂದು ಸುಳಿವು: ಗೇರ್‌ನಲ್ಲಿ ಕಾರು ಇನ್ನೂ ಉರುಳುತ್ತಿದೆ, ಚಕ್ರದ ಜೊತೆ ಎಂಜಿನ್ನೂ ತಿರುಗುತ್ತಿದೆ, ಆದರೂ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದಿದೆ ಎಂದರೆ ಸಂಕೇತ ಕಡಿದಿದೆ. ಪೆಟ್ರೋಲ್ ಪಂಪ್‌ಗೆ ಕರೆಂಟ್ ಬಿಡುವ ರಿಲೇ ಮತ್ತು ಕಾಯಿಲ್ ಸಹ ಬಿಸಿಗೆ ಹೀಗೆ ಆಡುವುದುಂಟು. ಹಾಗಾಗಿ ನಿಂತ ಆ ಹೊತ್ತಿನಲ್ಲೇ ಕಿಡಿ ಇದೆಯಾ, ಪೆಟ್ರೋಲ್ ಇದೆಯಾ ಎಂದು ನೋಡುವುದು ಮುಖ್ಯ. ತಣ್ಣಗಾದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಓಡುವಾಗಲೇ ಎಂಜಿನ್ ನಿಂತರೆ ಸ್ಟೀರಿಂಗ್ ಬಿಗಿಯಾಗುತ್ತದೆ. ಬ್ರೇಕ್ ಒಂದೆರಡು ಸಲ ಮಾತ್ರ ಮೆತ್ತಗೆ ಕೆಲಸ ಮಾಡಿ, ಆಮೇಲೆ ಜೋರಾಗಿ ಒತ್ತಬೇಕಾಗುತ್ತದೆ. ಪೆಡಲ್ ಪಂಪ್ ಮಾಡಬೇಡಿ, ಒಂದೇ ಸಲ ಬಲವಾಗಿ ಒತ್ತಿ ಹಿಡಿದು ಬದಿಗೆ ತನ್ನಿ. ಕೀ ಪೂರ್ತಿ ತೆಗೆದರೆ ಸ್ಟೀರಿಂಗ್ ಲಾಕ್ ಆಗಬಹುದು.

ಥ್ರಾಟಲ್ ತೊಳೆದ ಮೇಲೆ ಐಡಲಿಂಗ್ ಏರಿದರೆ

ಮಸಿ ತುಂಬಿದ್ದಾಗ ಇಸಿಯು ತಟ್ಟೆಯನ್ನು ತುಸು ಜಾಸ್ತಿ ತೆರೆದು ಹೇಗೋ ಸರಿದೂಗಿಸಿಕೊಂಡಿರುತ್ತದೆ. ತೊಳೆದ ಮೇಲೂ ಅದೇ ಹಳೆಯ ಲೆಕ್ಕದಲ್ಲಿ ತೆರೆದರೆ ಗಾಳಿ ಹೆಚ್ಚಾಗಿ ಐಡಲಿಂಗ್ 1,200, 1,500ಕ್ಕೆ ಏರುತ್ತದೆ. ಬ್ಯಾಟರಿ ಬಿಚ್ಚಿ ಹಾಕಿದರೂ ಕೆಲವು ಕಾರುಗಳಲ್ಲಿ ಹೀಗೆ ಐಡಲಿಂಗ್ ಅಲುಗಾಡುತ್ತದೆ. ಇದನ್ನು ಹೊಸ ದೋಷ ಎಂದುಕೊಂಡು ಮತ್ತೆ ಬಿಚ್ಚುವವರೇ ಜಾಸ್ತಿ. ಕೆಲವು ಕಾರುಗಳು ಸ್ವಲ್ಪ ದೂರ ಓಡಿಸಿದರೆ ತಾವೇ ಹೊಸ ಲೆಕ್ಕ ಕಲಿಯುತ್ತವೆ. ಕೆಲವಕ್ಕೆ ಸ್ಕ್ಯಾನರ್ ಹಾಕಿ, ಇಲ್ಲವೇ ಕೀ ಮತ್ತು ಪೆಡಲನ್ನು ನಿಗದಿತ ಕ್ರಮದಲ್ಲಿ ಒತ್ತಿ ‘ಐಡಲ್ ರೀಲರ್ನ್’ ಮಾಡಿಸಬೇಕು. ಕ್ರಮ ಪ್ರತಿ ಮಾಡೆಲ್‌ಗೂ ಬೇರೆ. ಥ್ರಾಟಲ್ ತೊಳೆಯಲು ಕೊಡುವಾಗಲೇ ರೀಲರ್ನ್ ಸಹ ಮಾಡುತ್ತೀರಾ ಎಂದು ಕೇಳಿಬಿಡಿ.